ದಾರಿ ಬಿಡುವ ಸೌಜನ್ಯ, ಮನೆ ಕಾಯುವ ವಿವೇಕ

(ಆದಿತ್ಯನಗರದ ಸುತ್ತಲಿನ ಗ್ರಾಮಗಳ ದಂಪತಿಗಳಿಗಾಗಿ ನೀಡಿದ ಭಾಷಣದ ಪಠ್ಯ)



ಕುಟುಂಬ ಕಲ್ಯಾಣದ ವೇದಿಕೆಯಿಂದ ಮಾತನಾಡುವವರು ತಾಯಿಯ ಆರೋಗ್ಯ, ಮಗುವಿನ ಲಸಿಕೆ, ಒಂದು ಹೆರಿಗೆಗೂ ಇನ್ನೊಂದಕ್ಕೂ ಇರಬೇಕಾದ ಅಂತರ, ಇವುಗಳನ್ನು ಕುರಿತು ಹೇಳುವುದು ವಾಡಿಕೆ. ಇಂದು ನಾನು ಒಂದು ವಾಹನಕ್ಕೂ ಇನ್ನೊಂದಕ್ಕೂ ಇರಬೇಕಾದ ಅಂತರವನ್ನು ಕುರಿತು ಹೇಳಬೇಕೆಂದಿದ್ದೇನೆ. ಇದು ಪೋಲೀಸರ ವಿಷಯ, ನಮ್ಮದಲ್ಲ ಎಂದು ತಾವು ಭಾವಿಸಬಾರದು. ಎರಡು ಮಕ್ಕಳನ್ನು ಹೆತ್ತು, ಕಾಲಕಾಲಕ್ಕೆ ಲಸಿಕೆ ಹಾಕಿಸಿ, ಶಾಲೆಗೆ ಸೇರಿಸಿದ ತಂದೆ ಒಂದು ಸಂಜೆ ಹೊಲದಿಂದ ಮನೆಗೆ ಮರಳದೆ ಹೋದರೆ, ಆ ಕುಟುಂಬದ ಕಲ್ಯಾಣಕ್ಕಾಗಿ ಪಟ್ಟ ಶ್ರಮವೆಲ್ಲ ಏನಾಯಿತು?

2022ನೆಯ ಇಸವಿಯೊಂದರಲ್ಲಿಯೇ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರೆಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ ತಿಳಿಸುತ್ತದೆ. ಎಂದರೆ ಸರಾಸರಿ ಮೂರು ನಿಮಿಷಕ್ಕೊಂದು ಜೀವ. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದ ಮೇಲಿದ್ದವರು. ನೂರಕ್ಕೆ ಸುಮಾರು 68 ಸಾವುಗಳು ಸಂಭವಿಸಿದ್ದು ಪಟ್ಟಣಗಳಲ್ಲಲ್ಲ, ಗ್ರಾಮಾಂತರ ಪ್ರದೇಶಗಳಲ್ಲಿ. ಆದುದರಿಂದ ಇದು ಬೆಂಗಳೂರಿನವರ ಚಿಂತೆಯೆಂದು ನಾವು ಸುಮ್ಮನಿರುವಂತಿಲ್ಲ.

ನಮ್ಮ ಸೀಮೆಯ ರಸ್ತೆಗಳನ್ನೊಮ್ಮೆ ಕಣ್ಣಮುಂದೆ ತಂದುಕೊಳ್ಳಿರಿ. ನೆಲದಡಿಯ ಸುಣ್ಣದ ಕಲ್ಲು ನಮ್ಮ ಭಾಗಕ್ಕೆ ಕಾರ್ಖಾನೆಗಳನ್ನು ಕರೆತಂದಿತು. ಆದಿತ್ಯನಗರ, ಸೇಡಂ, ವಾಡಿಗಳಿಂದ ಸಿಮೆಂಟು ಹೊತ್ತ ಲಾರಿಗಳು ಹಗಲಿರುಳೆನ್ನದೆ ಹೊರಡುತ್ತವೆ. ಶಹಾಬಾದ್, ಚಿತ್ತಾಪುರಗಳ ಕಡೆಯಿಂದ ಹಾಸುಗಲ್ಲುಗಳ ಲಾರಿಗಳು ಬರುತ್ತವೆ. ತೊಗರಿಯ ರಾಶಿಯ ಕಾಲ ಬಂದಿತೆಂದರೆ ಸೇಡಂ, ಚಿಂಚೋಳಿಗಳ ಹೊಲಗಳಿಂದ ಚೀಲ ತುಂಬಿದ ಟ್ರ್ಯಾಕ್ಟರುಗಳು ಸಾಲುಗಟ್ಟಿ ಹೊರಬೀಳುತ್ತವೆ. ಇವುಗಳ ನಡುವೆಯೇ ಬಸ್ಸು, ಟಂಟಂ, ಎತ್ತಿನ ಬಂಡಿ, ಕುರಿಯ ಹಿಂಡು, ಮೋಟಾರ್ ಸೈಕಲ್ಲಿನ ಮೇಲೆ ಗಂಡ, ಹೆಂಡತಿ, ನಡುವೆ ಕೂತ ಮಗು. ದೊಡ್ಡ ರಸ್ತೆ ಅಗಲವಾಗಿ, ನುಣುಪಾಗಿ ವೇಗವನ್ನು ಹೆಚ್ಚಿಸಿದೆ. ಆದರೆ ಅದಕ್ಕೆ ಬಂದು ಕೂಡುವ ಬಂಡಿದಾರಿ ನಮ್ಮ ಅಜ್ಜಂದಿರ ಕಾಲದಲ್ಲಿದ್ದಂತೆಯೇ ಇದೆ. ಆ ಎರಡೂ ಕೂಡುವ ಬಾಯಿಯಲ್ಲಿಯೇ ಅಪಾಯವು ಹೊಂಚುಹಾಕಿ ಕುಳಿತಿದೆ.

ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳೋಣ. ಸೂರ್ಯ ಮುಳುಗುವ ಹೊತ್ತು. ಒಬ್ಬ ರೈತ ತೊಗರಿ ಚೀಲಗಳನ್ನು ಟ್ರ್ಯಾಕ್ಟರಿನ ಟ್ರೈಲರಿಗೆ ಹೇರಿಕೊಂಡು ಹೊಲದ ದಾರಿಯಿಂದ ಹೆದ್ದಾರಿಯ ಅಂಚಿಗೆ ಬಂದು ನಿಂತಿದ್ದಾನೆ. ಚೀಲಗಳ ಮೇಲೆ ಅವನ ಪತ್ನಿ ಕೂತಿದ್ದಾಳೆ. ಆತ ಬಲಕ್ಕೆ ತಿರುಗಬೇಕು. ದೂರದಲ್ಲಿ ಲಾರಿಯೊಂದರ ದೀಪ ಕಾಣುತ್ತಿದೆ. “ಇನ್ನೂ ದೂರ ಇದೆ, ದಾಟಿಬಿಡೋಣ” ಎನ್ನುತ್ತದೆ ಅವನ ಮನಸ್ಸು. “ಸ್ವಲ್ಪ ತಡೀರಿ, ಅದು ಹೋಗಲಿ” ಎನ್ನುತ್ತಾಳೆ ಪತ್ನಿ.

ಇವರಲ್ಲಿ ಯಾರ ಮಾತು ಸರಿ? ಲೆಕ್ಕ ಹಾಕಿ ನೋಡೋಣ. ಗಂಟೆಗೆ 60 ಕಿಲೋಮೀಟರ್ ವೇಗದ ಲಾರಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಭಾರ ಹೊತ್ತು ನಿಂತಿರುವ ಟ್ರ್ಯಾಕ್ಟರು ಹೊರಟು, ತಾನೂ ತನ್ನ ಟ್ರೈಲರೂ ಪೂರ್ತಿಯಾಗಿ ರಸ್ತೆಯನ್ನು ದಾಟಬೇಕಾದರೆ ಹತ್ತು ಸೆಕೆಂಡಿಗೂ ಹೆಚ್ಚು ಕಾಲ ಬೇಕು. ಆ ಹತ್ತು ಸೆಕೆಂಡಿನಲ್ಲಿ ಲಾರಿ 170 ಮೀಟರ್ ಬಂದಿರುತ್ತದೆ. ರಸ್ತೆಯ ಬದಿಯ ವಿದ್ಯುತ್ ಕಂಬಗಳು ಸುಮಾರು 50 ಮೀಟರಿಗೊಂದರಂತೆ ನಿಂತಿವೆಯೆಂದು ಹಿಡಿದರೆ, ನಾಲ್ಕು ಕಂಬಗಳ ಆಚೆ ಕಾಣುವ ಲಾರಿ ಕೂಡ ದೂರದ್ದಲ್ಲ, ಹತ್ತಿರದ್ದೇ. ಮಬ್ಬಿನಲ್ಲಿ ಬರಿಯ ದೀಪವನ್ನು ನೋಡಿ ಲಾರಿಯ ವೇಗವನ್ನಾಗಲಿ ದೂರವನ್ನಾಗಲಿ ಅಳೆಯಲು ಮನುಷ್ಯನ ಕಣ್ಣಿಗೆ ಸಾಧ್ಯವಾಗುವುದಿಲ್ಲ. ಪತ್ನಿಯ ಮಾತೇ ಸರಿ. ಲಾರಿ ಹೋದ ಮೇಲೆ ಹೊರಟರೆ ಆ ರೈತನಿಗಾಗುವ ನಷ್ಟ ಅರ್ಧ ನಿಮಿಷ.

ಇನ್ನು ಕಾನೂನು ಏನು ಹೇಳುತ್ತದೆಂದು ನೋಡೋಣ. 1989ರ ರಸ್ತೆ ವಿನಿಯಮಗಳ ಸ್ಥಾನದಲ್ಲಿ ಕೇಂದ್ರ ಸರ್ಕಾರವು 2017ರಲ್ಲಿ ಮೋಟಾರು ವಾಹನಗಳ ಚಾಲನಾ ವಿನಿಯಮಗಳನ್ನು ಜಾರಿಗೆ ತಂದಿತು. ಇವುಗಳ ಸಾರ ಸರಳವಾದುದು. ಚಿಕ್ಕ ದಾರಿಯಿಂದ ಮುಖ್ಯ ರಸ್ತೆಗೆ ಬರುವವನು, ಮುಖ್ಯ ರಸ್ತೆಯಲ್ಲಿ ಈಗಾಗಲೇ ಸಾಗುತ್ತಿರುವ ವಾಹನಗಳಿಗೆ ಮೊದಲು ದಾರಿ ಬಿಡತಕ್ಕದ್ದು. ದೀಪವಾಗಲಿ ಪೋಲೀಸರಾಗಲಿ ಇಲ್ಲದ ಕೂಡುರಸ್ತೆಯಲ್ಲಿ ತನ್ನ ಬಲಗಡೆಯಿಂದ ಬರುವ ವಾಹನಕ್ಕೆ ದಾರಿ ಬಿಡತಕ್ಕದ್ದು. ವೃತ್ತದಲ್ಲಿ ಈಗಾಗಲೇ ಸುತ್ತುತ್ತಿರುವ ವಾಹನವೇ ಮೊದಲು. ತುದಿ ಕೆಳಗಾಗಿರುವ ತ್ರಿಕೋನದ ಫಲಕ ಕಂಡರೆ “ದಾರಿ ಬಿಡು” ಎಂದೂ, ಎಂಟು ಮೂಲೆಯ ಕೆಂಪು ಫಲಕ ಕಂಡರೆ “ಪೂರ್ತಿಯಾಗಿ ನಿಲ್ಲು” ಎಂದೂ ಅರ್ಥ. ಓದು ಬಾರದವರೂ ಈ ಫಲಕಗಳನ್ನು ಆಕಾರದಿಂದಲೇ ಗುರುತಿಸಬಹುದು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. “ನನಗೆ ದಾರಿಯ ಹಕ್ಕಿದೆ” ಎಂದು ಅನೇಕರು ವಾದಿಸುತ್ತಾರೆ. ಯಾರು ದಾರಿ ಬಿಡಬೇಕೆಂಬುದನ್ನು ಕಾನೂನು ಹೇಳುತ್ತದೆ. ಆದರೆ ಎದುರಿನವನು ಬಿಡದಿದ್ದರೂ ನುಗ್ಗಿಬಿಡು ಎಂದು ಅದು ಯಾರಿಗೂ ಹೇಳುವುದಿಲ್ಲ. ಹಕ್ಕು ನಮ್ಮದೇ ಆಗಿದ್ದು ಪ್ರಾಣ ಹೋದರೆ, ಆ ಹಕ್ಕನ್ನು ಯಾರು ಅನುಭವಿಸಬೇಕು? ಲಾರಿಯ ಎದುರು ಮೋಟಾರ್ ಸೈಕಲ್ಲಿನವನ ನ್ಯಾಯ ಆಸ್ಪತ್ರೆಯಲ್ಲಿ ತೀರ್ಮಾನವಾಗಬಾರದು.

ದೊಡ್ಡ ರಸ್ತೆಗೆ ಸೇರುವ ಕ್ರಮವನ್ನು ತಾವು ಹೀಗೆ ನೆನಪಿಟ್ಟುಕೊಳ್ಳಬಹುದು. ಅಂಚಿನಲ್ಲಿ ಪೂರ್ತಿಯಾಗಿ ನಿಲ್ಲುವುದು. ಮುಂದಿನ ಗಾಲಿಯನ್ನು ರಸ್ತೆಯ ಮೇಲೆ ಚಾಚಿ ನಿಲ್ಲಬಾರದು. ಮೊದಲು ಬಲಕ್ಕೆ, ಅನಂತರ ಎಡಕ್ಕೆ, ಮತ್ತೊಮ್ಮೆ ಬಲಕ್ಕೆ ನೋಡುವುದು. ಎರಡನೆಯ ಬಾರಿ ಬಲಕ್ಕೆ ನೋಡುವುದೇಕೆಂದರೆ, ಎಡಕ್ಕೆ ತಿರುಗಿದ್ದ ಆ ಎರಡು ಸೆಕೆಂಡಿನಲ್ಲಿ ವಾಹನವೊಂದು 34 ಮೀಟರ್ ಹತ್ತಿರ ಬಂದಿರುತ್ತದೆ. ಸೂಚಕ ದೀಪ ಹಾಕಿ, ತೆರವು ಖಚಿತವಾದ ಮೇಲೆ ಹೊರಡುವುದು. ಹೊರಟ ಮೇಲೆ ನಡುವೆ ಅಳುಕಿ ನಿಲ್ಲದೆ, ಎಡಬದಿಯನ್ನು ಹಿಡಿದು ವೇಗವನ್ನು ಕ್ರಮೇಣ ಹೆಚ್ಚಿಸಿಕೊಳ್ಳುವುದು.

ರಸ್ತೆಯ ಮೇಲೆ ಬಂದ ಮೇಲೆ ಪಥ ಬದಲಿಸುವ ಪ್ರಸಂಗ ಬರುತ್ತದೆ. ಮುಂದಿರುವ ಟ್ರ್ಯಾಕ್ಟರನ್ನು ಹಿಂದೆ ಹಾಕುವುದಾಗಲಿ, ಚತುಷ್ಪಥದಲ್ಲಿ ಒಂದು ಸಾಲಿನಿಂದ ಇನ್ನೊಂದಕ್ಕೆ ಹೋಗುವುದಾಗಲಿ, ಎರಡಕ್ಕೂ ಕ್ರಮ ಒಂದೇ. ಮೊದಲು ಕನ್ನಡಿ, ಆಮೇಲೆ ಸೂಚನೆ, ಆಮೇಲೆ ಹೆಗಲ ಮೇಲಿಂದ ಒಂದು ನೋಟ, ಕೊನೆಗೆ ಚಲನೆ. ನಮ್ಮವರಲ್ಲಿ ಈ ಕ್ರಮ ತಲೆಕೆಳಗಾಗಿದೆ. ಮೊದಲು ತಿರುಗಿಸುತ್ತಾರೆ, ಆಮೇಲೆ ಸೂಚನೆ ಕೊಡುತ್ತಾರೆ, ಕನ್ನಡಿಯನ್ನು ಮುಖ ನೋಡಿಕೊಳ್ಳಲು ಬಳಸುತ್ತಾರೆ. ಸೂಚಕ ದೀಪ ಹಾಕಿದ ಮಾತ್ರಕ್ಕೆ ಅನುಮತಿ ದೊರೆತಂತಾಗುವುದಿಲ್ಲ. ಅದು ಒಂದು ವಿನಂತಿ. ಹಿಂದಿನವನು ಒಪ್ಪಿ ವೇಗ ತಗ್ಗಿಸಿದನೆಂದು ಕಂಡ ಮೇಲೆಯೇ ಬದಿಗೆ ಸರಿಯಬೇಕು. ರಸ್ತೆಯ ನಡುವಿನ ಬಿಳಿಯ ಗೆರೆ ತುಂಡುತುಂಡಾಗಿದ್ದರೆ ತೆರವು ನೋಡಿ ದಾಟಬಹುದು. ತುಂಡಾಗದೆ ಒಂದೇ ಸಮನೆ ಸಾಗಿದ್ದರೆ ದಾಟಬಾರದು. ನಮ್ಮನ್ನು ಇನ್ನೊಬ್ಬನು ಹಿಂದೆ ಹಾಕುತ್ತಿರುವಾಗ ನಾವು ವೇಗ ಹೆಚ್ಚಿಸುವುದು ಕಾನೂನಿಗೂ ವಿರುದ್ಧ, ಮರ್ಯಾದೆಗೂ ವಿರುದ್ಧ.

ಲಾರಿಯ ಬಳಿಯಲ್ಲಂತೂ ಇನ್ನಷ್ಟು ಎಚ್ಚರ ಬೇಕು. ಎತ್ತರದಲ್ಲಿ ಬಲಗಡೆ ಕೂತ ಚಾಲಕನಿಗೆ ತನ್ನ ಲಾರಿಯ ಮೂತಿಯ ಕೆಳಗಿನ ಜಾಗ, ಎಡಮಗ್ಗುಲು, ಹಿಂಬದಿ ಇವು ಸರಿಯಾಗಿ ಕಾಣುವುದಿಲ್ಲ. ಆದುದರಿಂದ ಎಡಗಡೆಯಿಂದ ನುಸುಳಬಾರದು. ಲಾರಿಯ ಕನ್ನಡಿಯಲ್ಲಿ ಚಾಲಕನ ಮುಖ ನಮಗೆ ಕಾಣದಿದ್ದರೆ, ನಾವೂ ಅವನಿಗೆ ಕಾಣುತ್ತಿಲ್ಲವೆಂದು ತಿಳಿಯಬೇಕು. ಮುಂದಿನ ವಾಹನದಿಂದ ಎಷ್ಟು ದೂರವಿರಬೇಕೆಂಬುದಕ್ಕೆ ಒಂದು ಸುಲಭವಾದ ಅಳತೆಯಿದೆ. ಮುಂದಿನ ವಾಹನ ಒಂದು ಕಂಬವನ್ನು ದಾಟಿದೊಡನೆ “ಸಾವಿರದ ಒಂದು, ಸಾವಿರದ ಎರಡು” ಎಂದು ಎಣಿಸಿರಿ. ಎಣಿಸಿ ಮುಗಿಯುವ ಮೊದಲೇ ತಾವು ಆ ಕಂಬವನ್ನು ತಲುಪಿದರೆ ತೀರ ಹತ್ತಿರವಿದ್ದೀರೆಂದು ಅರ್ಥ. ಮಳೆಯಲ್ಲಿ, ಸಿಮೆಂಟು ಧೂಳಿನಲ್ಲಿ, ರಾತ್ರಿಯಲ್ಲಿ ನಾಲ್ಕರವರೆಗೆ ಎಣಿಸಿರಿ.

ಸೌಜನ್ಯದಲ್ಲಿಯೂ ವಿವೇಕ ಬೇಕೆಂಬುದಕ್ಕೆ ಎರಡು ಉದಾಹರಣೆಗಳನ್ನು ಕೊಡುತ್ತೇನೆ. ಎದುರಿನಿಂದ ಬರುವ ಲಾರಿಯವನು ದೀಪ ಮಿಟುಕಿಸಿದರೆ “ನೀನು ಹೋಗು” ಎಂದು ಕೆಲವರು ತಿಳಿಯುತ್ತಾರೆ. ನಮ್ಮ ರಸ್ತೆಗಳಲ್ಲಿ ಬಹುಪಾಲು ಚಾಲಕರು ಅದನ್ನು “ನಾನು ಬರುತ್ತಿದ್ದೇನೆ, ನೀನು ನಿಲ್ಲು” ಎಂಬ ಅರ್ಥದಲ್ಲಿ ಬಳಸುತ್ತಾರೆ. ಆದುದರಿಂದ ಮಿಟುಕಿದ ದೀಪವನ್ನು ನಂಬಿ ಮುಂದುವರಿಯಬಾರದು. ಎರಡನೆಯದು, ಒಬ್ಬ ಸಜ್ಜನ ಚಾಲಕ ತನ್ನ ವಾಹನವನ್ನು ನಿಲ್ಲಿಸಿ ದಾಟುವಂತೆ ಕೈಬೀಸುತ್ತಾನೆ. ಅವನ ಸೌಜನ್ಯ ಅವನಿಗೆ ಸೇರಿದ್ದು. ಅವನ ಪಕ್ಕದ ಸಾಲಿನಲ್ಲಿ ಬರುತ್ತಿರುವವನನ್ನು ಅದು ಕಟ್ಟಿಹಾಕುವುದಿಲ್ಲ. ಅವನಿಗೆ ವಂದಿಸಿರಿ, ಆದರೆ ಅವನ ವಾಹನದ ಮರೆಯಿಂದ ಇಣುಕಿ ನೋಡಿಯೇ ಹೆಜ್ಜೆ ಇಡಿರಿ.

ಸೇತುವೆಯ ಬಳಿ ಅಥವಾ ರಸ್ತೆಯ ದುರಸ್ತಿ ನಡೆಯುವಲ್ಲಿ ಎರಡು ಸಾಲುಗಳು ಒಂದಾಗಬೇಕಾಗುತ್ತದೆ. ಅಲ್ಲಿ ಎಲ್ಲರೂ ಒಮ್ಮೆಗೇ ಮೂತಿ ತೂರಿಸಿದರೆ ಯಾರೂ ಮುಂದೆ ಹೋಗಲಾರರು. ಜರ್ಮನಿ ದೇಶದಲ್ಲಿ ಇದಕ್ಕೊಂದು ಕಾನೂನೇ ಇದೆ. ಪಥವೊಂದು ಕೊನೆಗೊಳ್ಳುವ ತಾಣದವರೆಗೂ ಎರಡೂ ಸಾಲುಗಳು ಸಾಗಿ, ಅಲ್ಲಿ ಈ ಸಾಲಿನಿಂದೊಂದು, ಆ ಸಾಲಿನಿಂದೊಂದು ವಾಹನ ಕ್ರಮವಾಗಿ ಮುಂದುವರಿಯುತ್ತವೆ. ಚೀಲದ ಜಿಪ್ಪಿನ ಹಲ್ಲುಗಳು ಕೂಡುವಂತೆ ಎಂದು ಅವರು ಅದಕ್ಕೆ ಹೆಸರಿಟ್ಟಿದ್ದಾರೆ. ನಮ್ಮ ಸಹೋದರಿಯರಿಗೆ ಇದನ್ನು ವಿವರಿಸಬೇಕಾದ ಅಗತ್ಯವೇ ಇಲ್ಲ. ಮಗಳಿಗೆ ಜಡೆ ಹೆಣೆಯುವಾಗ ತಾವು ಮಾಡುವುದು ಇದನ್ನೇ ಅಲ್ಲವೆ? ಈ ಕಡೆಯ ಕಾಲೊಂದು, ಆ ಕಡೆಯ ಕಾಲೊಂದು. ಅವಸರಪಟ್ಟು ಒಂದೇ ಕಡೆಯ ಕೂದಲನ್ನು ಎಳೆದರೆ ಜಡೆ ಸಿಕ್ಕಾಗುತ್ತದೆ, ಮಗು ಅಳುತ್ತದೆ. ಎದುರುಬದುರಾಗಿ ಬರುವ ವಾಹನಗಳ ಕಿರಿದಾದ ಸೇತುವೆಯಲ್ಲಿ, ಮೊದಲು ಪ್ರವೇಶಿಸಿದವನು ದಾಟುವವರೆಗೆ ಇನ್ನೊಬ್ಬನು ಹೊರಗೆ ಕಾಯುವುದು ಲೇಸು.

ಈಗ ದಂಪತಿಗಳಾಗಿ ತಾವು ಮಾಡಬಹುದಾದುದನ್ನು ಹೇಳುತ್ತೇನೆ. ವಾಹನ ನಡೆಸುವವನಿಗೆ ಎರಡು ಕಣ್ಣು. ಹಿಂದೆ ಕೂತವಳು ನೋಡಿದರೆ ನಾಲ್ಕು ಕಣ್ಣು. ಆದರೆ ಅನೇಕ ಮನೆಗಳಲ್ಲಿ ಈ ಎರಡು ಕಣ್ಣುಗಳನ್ನು ಸುಮ್ಮನಿರಿಸಲಾಗಿದೆ. “ನಿನಗೇನು ಗೊತ್ತು, ಸುಮ್ಮನೆ ಕೂತ್ಕೊ” ಎಂಬ ಮಾತು ನಮಗೆಲ್ಲ ಪರಿಚಿತವಾದುದೇ. “ತಡೀರಿ” ಎಂಬ ಮಾತನ್ನು ಪತ್ನಿ ಹೇಳಿದರೆ ಅದು ಗಂಡನ ಗಾಡಿ ಓಡಿಸುವ ಕೌಶಲಕ್ಕೆ ಮಾಡಿದ ಅವಮಾನವಲ್ಲ. ಆದುದರಿಂದ ಪ್ರತಿಯೊಂದು ದಂಪತಿಯೂ ಒಂದು ಒಪ್ಪಂದ ಮಾಡಿಕೊಳ್ಳಬೇಕೆಂದು ನನ್ನ ಕೋರಿಕೆ. ಹೊಲದ ದಾರಿಯಿಂದ ಹೆದ್ದಾರಿಗೆ ಸೇರುವಾಗ ಹಿಂದೆ ಕೂತವರೂ ಎರಡೂ ಕಡೆ ನೋಡಬೇಕು. ಇಬ್ಬರೂ “ಹೋಗೋಣ” ಎಂದರೆ ಮಾತ್ರ ಹೊರಡಬೇಕು. ಒಬ್ಬರು “ತಡೆ” ಎಂದರೂ ನಿಲ್ಲಬೇಕು. ಏಕೆಂದು ಕೇಳುವುದು ಆಮೇಲೆ. ಹೆಂಡತಿ ಗಾಡಿ ನಡೆಸುವ ಮನೆಗಳಲ್ಲಿಯೂ ಇದೇ ನಿಯಮ.

ತಲೆಗವಚ ಇಬ್ಬರಿಗೂ ಇರಬೇಕು, ಪಟ್ಟಿ ಬಿಗಿದಿರಬೇಕು. ನಾಲ್ಕು ವರ್ಷ ಮೀರಿದ ಮಗುವಿಗೂ ಅದು ಕಡ್ಡಾಯ. 2022ರಲ್ಲಿ ಹೊರಡಿಸಿದ ನಿಯಮದಂತೆ, ನಾಲ್ಕು ವರ್ಷದೊಳಗಿನ ಮಗುವನ್ನು ದ್ವಿಚಕ್ರ ವಾಹನದಲ್ಲಿ ಕರೆದೊಯ್ಯುವಾಗ ಮಗುವನ್ನು ಚಾಲಕನಿಗೆ ಬಿಗಿಯುವ ಸುರಕ್ಷಾ ಪಟ್ಟಿಯೂ ತಲೆಗವಚವೂ ಇರಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು. ಸಹೋದರಿಯರು ಸೀರೆಯ ಸೆರಗನ್ನೂ ದುಪಟ್ಟಾವನ್ನೂ ಗಾಲಿಗೆ ಸಿಲುಕದಂತೆ ಸುತ್ತಿಕೊಳ್ಳಬೇಕು. ಬಸುರಿ ಹೆಂಗಸು ತಪಾಸಣೆಗೆ ಹೋಗುವ ದಿನ ಗಂಡನಾದವನು ಅರ್ಧ ಗಂಟೆ ಮೊದಲೇ ಮನೆ ಬಿಡಲಿ. ತಡವಾಯಿತೆಂಬ ಅವಸರವೇ ದಾರಿ ಬಿಡದಂತೆ ಮಾಡುವ ಮೊದಲ ಶತ್ರು. ಕಾರಿನಲ್ಲಿ ಹೋಗುವುದಾದರೆ ಸೀಟುಪಟ್ಟಿಯ ಕೆಳಗಿನ ಭಾಗ ಹೊಟ್ಟೆಯ ಮೇಲೆ ಬಾರದೆ, ಹೊಟ್ಟೆಯ ಕೆಳಗೆ ಸೊಂಟದ ಮೂಳೆಗೆ ತಾಗಿರಬೇಕು.

ಟ್ರ್ಯಾಕ್ಟರು, ಬಂಡಿಗಳನ್ನು ಹೊಂದಿರುವ ರೈತಬಾಂಧವರಿಗೆ ಒಂದು ಮಾತು. ದಾರಿ ಕೊಡಬೇಕಾದವನಿಗೆ ಮೊದಲು ನಾವು ಕಾಣಬೇಕು. ಟ್ರೈಲರಿನ ಹಿಂದೆ ದೀಪವೂ, ಬೆಳಕು ಬಿದ್ದರೆ ಹೊಳೆಯುವ ಕೆಂಪು ಪಟ್ಟಿಯೂ ಇರಲಿ. ಬಂಡಿಯ ಹಿಂಭಾಗಕ್ಕೂ ಅಂತಹದೇ ಪಟ್ಟಿ ಅಂಟಿಸಿರಿ. ಕೆಟ್ಟು ನಿಂತ ಟ್ರ್ಯಾಕ್ಟರನ್ನು ರಸ್ತೆಯ ಮೇಲೆಯೇ ಬಿಟ್ಟು, ಸುತ್ತ ಕಲ್ಲಿಟ್ಟು, ಮನೆಗೆ ಹೋಗಬೇಡಿರಿ. ಗಾಡಿ ಹೋದ ಮೇಲೂ ಉಳಿಯುವ ಆ ಕಲ್ಲುಗಳು ಇನ್ನೊಬ್ಬರ ಮನೆಯ ದೀಪ ಆರಿಸಬಹುದು.

ಆಂಬುಲೆನ್ಸಿನ ವಿಷಯದಲ್ಲಿ ಮಾತ್ರ ಯಾವ ಲೆಕ್ಕಾಚಾರಕ್ಕೂ ಅವಕಾಶವಿಲ್ಲ. ಅದರ ಸದ್ದು ಕೇಳಿದೊಡನೆ ಎಡಕ್ಕೆ ಸರಿದು ದಾರಿ ಬಿಡತಕ್ಕದ್ದು. ಬಿಡದವರಿಗೆ 10,000 ರೂಪಾಯಿಗಳ ದಂಡ, ಆರು ತಿಂಗಳವರೆಗಿನ ಸೆರೆ ಅಥವಾ ಎರಡನ್ನೂ 2019ರ ತಿದ್ದುಪಡಿ ವಿಧಿಸಿದೆ. ಆದರೆ ದಂಡದ ಭಯಕ್ಕಿಂತ ದೊಡ್ಡದಾದ ಕಾರಣವೊಂದಿದೆ. ನಮ್ಮ ರಾಜ್ಯದಲ್ಲಿ 2008ರ ನವೆಂಬರಿನಲ್ಲಿ ಆರಂಭವಾದ 108ರ ಆಂಬುಲೆನ್ಸ್ ಸೇವೆ ಹೆರಿಗೆ ನೋವಿನ ತಾಯಂದಿರನ್ನೂ ಹೊತ್ತು ಸಾಗುತ್ತದೆ. ಸೇಡಂ ಕಡೆಯಿಂದ ಕಲಬುರಗಿಯ ದೊಡ್ಡಾಸ್ಪತ್ರೆಗೆ ಹೊರಟ ಆ ಗಾಡಿಯೊಳಗೆ ನಮ್ಮದೇ ಊರಿನ ಮಗಳೊಬ್ಬಳು ಇರಬಹುದು.

ಅಪಘಾತ ಕಂಡರೆ ಹೆದರಿ ಓಡಬೇಡಿರಿ. 108ಕ್ಕೆ ಕರೆ ಮಾಡಿರಿ. ಗಾಯಾಳುವಿಗೆ ನೆರವಾದವರನ್ನು ರಕ್ಷಿಸಲೆಂದೇ ಕರ್ನಾಟಕವು 2016ರಲ್ಲಿ ಕಾಯಿದೆಯೊಂದನ್ನು ಮಾಡಿದೆ. ತಮ್ಮ ಹೆಸರು ಹೇಳಲೇಬೇಕೆಂದು ಬಲವಂತಪಡಿಸುವಂತಿಲ್ಲ. 2025ರಲ್ಲಿ ಕೇಂದ್ರ ಸರ್ಕಾರವು ಪ್ರಕಟಿಸಿದ ಯೋಜನೆಯಂತೆ, ರಸ್ತೆ ಅಪಘಾತದ ಗಾಯಾಳುವಿಗೆ ಮೊದಲ ಏಳು ದಿನಗಳಲ್ಲಿ 1.5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ, ಕೈಯಿಂದ ಹಣ ಕಟ್ಟದೆಯೇ ದೊರೆಯತಕ್ಕದ್ದು.

ಬಂಧುಗಳೆ, ಆದಿತ್ಯನಗರಕ್ಕೆ ನೆರೆಯದೇ ಆದ ಮಳಖೇಡ ಒಂದು ಕಾಲದಲ್ಲಿ ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವಾಗಿತ್ತು. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು, ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸುವುದೇ ನಿಜವಾದ ಸಂಪತ್ತೆಂಬ ಭಾವವನ್ನು ನಮಗೆ ಬಿಟ್ಟುಹೋಗಿದೆ. ಅಂತಹ ನೆಲದವರು ನಾವು. ಪರರ ವಿಚಾರವನ್ನೇ ಸೈರಿಸಬಲ್ಲವರು ಪರರ ಗಾಡಿಯನ್ನು ಅರ್ಧ ನಿಮಿಷ ಸೈರಿಸಲಾರೆವೆ? ದಾರಿ ಬಿಟ್ಟವನು ಸೋತವನಲ್ಲ. ಅವನು ಮನೆ ತಲುಪಿದವನು.

ಇಂದು ಮನೆಗೆ ಹೋದ ಮೇಲೆ ಗಂಡಹೆಂಡಿರು ಕೂತು ಒಂದು ಕೆಲಸ ಮಾಡಿರಿ. ತಮ್ಮ ಹೊಲದ ದಾರಿ ಅಥವಾ ಊರ ದಾರಿ ದೊಡ್ಡ ರಸ್ತೆಗೆ ಕೂಡುವ ಬಾಯಿಯನ್ನು ನೆನೆದುಕೊಳ್ಳಿರಿ. ಅಲ್ಲಿ ಎಲ್ಲಿ ನಿಲ್ಲಬೇಕು, ಯಾವ ಗಿಡಗಂಟಿ ನೋಟಕ್ಕೆ ಅಡ್ಡವಾಗಿದೆ, ಯಾವ ಕಂಬದ ಈಚೆಗೆ ಲಾರಿ ಬಂದಿದ್ದರೆ ಹೊರಡಬಾರದು ಎಂಬುದನ್ನು ಇಬ್ಬರೂ ಸೇರಿ ಗೊತ್ತುಮಾಡಿರಿ. ನಾಳೆ ಹೊತ್ತಾರೆ ಆ ಗಿಡಗಂಟಿಯನ್ನು ಕಡಿದುಹಾಕಿರಿ. ಮಕ್ಕಳಿಗೂ ಆ ಕಂಬವನ್ನು ತೋರಿಸಿಡಿರಿ. ಸಂಜೆ ಹೊಲದಿಂದ ಹೊರಟವರೆಲ್ಲರೂ ಊಟದ ಹೊತ್ತಿಗೆ ಮನೆಯಲ್ಲಿರುವಂತಾಗಲಿ ಎಂದು ಹಾರೈಸಿ ನನ್ನ ಮಾತನ್ನು ಮುಗಿಸುತ್ತೇನೆ.